ಚಂದ್ರಗಿರಿ ದಾಟುವಾಗ ಓದುವ ಅನ್ಯಗ್ರಹದ ಪ್ರೇಮಕತೆಗಳು

ಕಾಞಂಗಾಡಿನಿಂದ ಮಂಗಳೂರಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಕೆಲಸಕ್ಕೆ ಹೋಗಿ ಬರುವ ಈ ಮೂರು ಗಂಟೆಯನ್ನು ನಾಲ್ಕು ವರ್ಷಗಳಿಂದ ನಾನು ಹೆಚ್ಚಾಗಿ ಒಂದೇ ಬಗೆಯ ಇಂಗ್ಲಿಷ್ ಪುಸ್ತಕಗಳಿಗೆ ಕೊಟ್ಟಿದ್ದೇನೆ: ಭೂಮಿಯ ಹೆಣ್ಣು, ಬೇರೆ ಗ್ರಹದ ಗಂಡು, ನೂರು ಚಿಲ್ಲರೆ ಪುಟ, ಮುಚ್ಚುಮರೆಯಿಲ್ಲದ ಶೃಂಗಾರ, ಕೊನೆಗೆ ಸುಖಾಂತ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ಪುಸ್ತಕ ಮುಗಿಸಲು ಎರಡು ವಾರ ಹಿಡಿಯಿತು. ಮೊಬೈಲಿನಲ್ಲಿ ಪದವನ್ನು ಒತ್ತಿ ಹಿಡಿದರೆ ಅರ್ಥ ಬರುತ್ತದೆ ಎಂಬುದೇ ದೊಡ್ಡ ಆಸರೆಯಾಯಿತು. ಅರ್ಥ ಬಾರದ ಪದಗಳು ಲೇಖಕಿಯೇ ಕಟ್ಟಿದ ಅನ್ಯಗ್ರಹದ ಮಾತುಗಳು; ಅವುಗಳ ಮುಂದೆ ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರೂ ನನ್ನಷ್ಟೇ ಹೊಸಬರು. ಅದು ತಿಳಿದ ದಿನದಿಂದ ಅಂಜಿಕೆ ಹೋಯಿತು.

ಚಿಕ್ಕ ಪುಸ್ತಕಗಳನ್ನೇ ಆರಿಸುವುದು ಹಟದಿಂದಲ್ಲ, ಲೆಕ್ಕದಿಂದ. ವಿಜ್ಞಾನ ಕತೆಗಳಿಗೆ ಕೊಡುವ ಅಮೆರಿಕದ ನೆಬ್ಯುಲಾ ಪ್ರಶಸ್ತಿಯವರು 17,500ರಿಂದ 40,000 ಪದಗಳ ಒಳಗಿನ ಕೃತಿಯನ್ನು ಕಿರುಕಾದಂಬರಿ ಎನ್ನುತ್ತಾರೆ. ನಿಮಿಷಕ್ಕೆ 150 ಪದ ಓದುವ ನನಗೆ 30,000 ಪದವೆಂದರೆ 200 ನಿಮಿಷ. ಸೋಮವಾರ ಬೆಳಿಗ್ಗೆ ಶುರು ಮಾಡಿದರೆ ಮಂಗಳವಾರ ರೈಲು ಕಾಸರಗೋಡು ತಲುಪುವ ಮೊದಲೇ ಮುಗಿಯುತ್ತದೆ. ಈ ಪ್ರಕಾರಕ್ಕೆ ಬಹಳ ಓದುಗರನ್ನು ತಂದ ರೂಬಿ ಡಿಕ್ಸನ್ ಅವರ ‘ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್’ ಕೂಡ 2015ರಲ್ಲಿ ಲೇಖಕಿಯೇ ಸ್ವಂತವಾಗಿ ಕಂತು ಕಂತಾಗಿ ಹೊರತಂದ ಇ-ಪುಸ್ತಕ; ದೊಡ್ಡ ಪ್ರಕಾಶಕರು ಅದನ್ನು ಅಚ್ಚು ಹಾಕಿದ್ದು 2021ರಲ್ಲಿ.

ಕೊಂಡುಕೊಳ್ಳುವ ಮೊದಲು ಉಚಿತವಾಗಿ ಸಿಗುವ ಮಾದರಿ ಪುಟಗಳನ್ನು ಓದುತ್ತೇನೆ. ಪುಸ್ತಕದ ಆರಂಭದಲ್ಲಿ ಲೇಖಕಿ ಕೊಟ್ಟ ಎಚ್ಚರಿಕೆಗಳಿದ್ದರೆ ಬಿಡದೆ ನೋಡುತ್ತೇನೆ. ಹೆಣ್ಣನ್ನು ಹೊತ್ತೊಯ್ಯುವುದರಿಂದಲೇ ಇಂಥ ಎಷ್ಟೋ ಕತೆಗಳು ಆರಂಭವಾಗುತ್ತವೆ. ಹೊತ್ತೊಯ್ದವನೇ ನಾಯಕನಾದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ರೈಲಿನಲ್ಲಿ ಪಕ್ಕದವರ ಕಣ್ಣು ಪರದೆಯ ಮೇಲೆ ಬೀಳದಂತೆ ಕಪ್ಪು ಹಿನ್ನೆಲೆ, ಕಡಿಮೆ ಬೆಳಕು ಇಟ್ಟುಕೊಂಡಿರುತ್ತೇನೆ.

ಕೊಂಬು, ಬಾಲ, ನೀಲಿ ಚರ್ಮದ ನಾಯಕ ನನಗೆ ವಿಚಿತ್ರವೆನಿಸಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನಲ್ಲಿ ಬೆಳೆದವರಿಗೆ ಹಿಡಿಂಬೆ ಹೊಸಬಳೇ? ಭೀಮನಿಗೆ ಮನಸೋತ ಅವಳು ಚೆಲುವೆಯಾಗಿ ರೂಪ ಬದಲಿಸಿದಾಗ, ಗದ್ದೆಯಲ್ಲಿ ಚಾಪೆ ಹಾಸಿ ಕೂತು ಆಟ ನೋಡುತ್ತಿದ್ದ ನನಗೆ ಬೇಸರವಾಗುತ್ತಿತ್ತು. ಹೆಣ್ಣುಬಣ್ಣದ, ಅಂದರೆ ರಾಕ್ಷಸಿಯ, ವೇಷದಲ್ಲೇ ಅವಳನ್ನು ಭೀಮ ಏಕೆ ಒಪ್ಪಬಾರದು ಎಂದು ಅಜ್ಜಿಯನ್ನು ಕೇಳಿದ್ದೆ. ಈ ಕತೆಗಳಲ್ಲಿ ಕೊಂಬಿದ್ದವನು ಕೊನೆಯ ಪುಟದವರೆಗೂ ಕೊಂಬಿನೊಂದಿಗೇ ಇರುತ್ತಾನೆ. ಅವಳು ಆ ಕೊಂಬನ್ನೇ ಪ್ರೀತಿಸುತ್ತಾಳೆ.

ಆದರೆ ನಾನು ನಿಜವಾಗಿ ಹುಡುಕುವುದು ಭಾಷೆಯನ್ನು. ಬಹಳಷ್ಟು ಲೇಖಕಿಯರು ನಾಯಕಿಯ ಕಿವಿಯೊಳಗೆ ಅನುವಾದಕ ಯಂತ್ರವೊಂದನ್ನು ಕೂರಿಸಿ ಮೊದಲ ಅಧ್ಯಾಯದಲ್ಲೇ ಆ ತೊಡಕನ್ನು ಬಗೆಹರಿಸಿಬಿಡುತ್ತಾರೆ. ಅದು ಕೈಗೆ ಬಂದ ಸಂಪತ್ತನ್ನು ಚೆಲ್ಲಿದಂತೆ. ಯಂತ್ರವಿಲ್ಲದ ಪುಸ್ತಕಗಳಲ್ಲಿ ಅವನು ನೀರನ್ನು ತೋರಿಸಿ ತನ್ನ ಪದ ಹೇಳುತ್ತಾನೆ, ಅವಳು ತನ್ನದನ್ನು ಹೇಳುತ್ತಾಳೆ. ಕೈ ಮುಟ್ಟಬಹುದೇ, ಇಲ್ಲಿ ಬೇಡವೇ, ಹೀಗೆ ಸರಿಯೇ ಎಂದು ಒಂದೊಂದನ್ನೂ ಕೇಳಿಯೇ ಮುಂದುವರಿಯಬೇಕು. ಮಂಚದ ಮೇಲಿನ ಪುಟಗಳಿಗೆ ಬಿಸಿ ಬರುವುದು ಆ ಕೇಳುವಿಕೆಯಿಂದ. ತಾನೇ ಎಲ್ಲ ಬಲ್ಲವನೆಂದು ನುಗ್ಗುವ ನಾಯಕನ ಶೃಂಗಾರ ಎಷ್ಟು ಪುಟ ಹರಡಿದರೂ ನನಗೆ ತಣ್ಣಗೆ.

ಸಪ್ತಭಾಷೆಗಳ ನೆಲ ಎಂದು ಕಾಸರಗೋಡನ್ನು ಹೊಗಳುತ್ತೇವೆ. ಹಾಗಿದ್ದೂ ಚಂದ್ರಗಿರಿ ಹೊಳೆಯ ಆಚೆ ಮದುವೆಯಾಗಿ ಬಂದಾಗ ನನ್ನಲ್ಲಿದ್ದುದು ಸಂತೆಗೆ ಸಾಲುವಷ್ಟು ಮಲಯಾಳ. ನನ್ನ ಗಂಡನಿಗೆ ಕನ್ನಡ ಏನೂ ಬಾರದು. ಊಟಕ್ಕೆ ಬಡಿಸುವಾಗ ಮನೆಯವರೆಲ್ಲ ‘ಮತಿಯೋ’ ಎಂದು ಕೇಳುತ್ತಿದ್ದರು, ಅರ್ಥವಾಗುತ್ತಿತ್ತು. ಮೂರನೆಯ ದಿನ ನನ್ನ ಗಂಡ ಅನ್ನದ ಪಾತ್ರೆ ಹಿಡಿದು ನಿಂತು, ಎಲ್ಲಿಂದ ಕಲಿತರೋ, ‘ಸಾಕೇ?’ ಎಂದು ಕೇಳಿದರು. ಆ ರಾತ್ರಿಯೂ ಅವರಲ್ಲಿದ್ದ ಕನ್ನಡ ಆ ಒಂದೇ ಪದ. ಕತೆಯಲ್ಲಿ ನಾಲ್ಕು ತೋಳಿನ ಗಂಡು ಹೆಣ್ಣಿನ ಮಾತಿನಲ್ಲಿ ತಡವರಿಸಿ ಒಂದು ಪ್ರಶ್ನೆ ಕೇಳುವಾಗ ನಾನು ಮೊಬೈಲನ್ನು ಮಡಿಲಲ್ಲಿಟ್ಟು, ಕಿಟಕಿಯ ಹೊರಗೆ ಹೊಳೆಯನ್ನು ನೋಡುತ್ತಾ ಕೂರುವುದು ಆ ರಾತ್ರಿಯಿಂದಾಗಿ.

ಓದಿ ಮುಗಿಸಿದ ಕತೆಯನ್ನು ಅವರಿಗೆ ಮಲಯಾಳದಲ್ಲಿ ಹೇಳುತ್ತೇನೆ. ಗ್ರಹ, ಹಿಮ, ಮುರಿದು ಬಿದ್ದ ನೌಕೆ ಇವೆಲ್ಲ ಸಲೀಸು. ಶೃಂಗಾರಕ್ಕೆ ಬಂದಾಗ ಮಾತ್ರ ನನ್ನ ಮಲಯಾಳ ಮುಗಿಯುತ್ತದೆ, ಕನ್ನಡಕ್ಕೆ ಹೊರಳುತ್ತೇನೆ. ಹದಿನೇಳು ವರ್ಷಗಳಲ್ಲಿ ಅವರು ಕನ್ನಡ ಸಾಕಷ್ಟು ಕಲಿತಿದ್ದಾರೆ. ಆದರೂ ನಡುವೆ ತಡೆದು, ಆ ಪದಕ್ಕೆ ಅರ್ಥವೇನು ಎಂದು ಕೇಳುತ್ತಾರೆ.