ಸಿಡ್ನಿಯ ಆಬರ್ನ್‌ನಲ್ಲಿ ಒಂದು ದಿನ: ಹೋಗುವವರಿಗೆ ಕೆಲವು ಸೂಚನೆಗಳು

ಸಿಡ್ನಿಯ ಆಪೆರಾ ಹೌಸ್, ಹಾರ್ಬರ್ ಬ್ರಿಜ್, ಬಾಂಡೈ ಕಡಲತೀರ ಇವನ್ನೆಲ್ಲ ನೋಡಿ ಮುಗಿಸಿದವರಿಗೆ, ಅದರಲ್ಲೂ ಮಗನ ಮನೆಗೋ ಮಗಳ ಮನೆಗೋ ಬಂದು ಒಂದೆರಡು ತಿಂಗಳು ಉಳಿಯುವ ಹಿರಿಯರಿಗೆ, ನಗರದ ಪಶ್ಚಿಮಕ್ಕಿರುವ ಆಬರ್ನ್ ಎಂಬ ಬಡಾವಣೆಯಲ್ಲಿ ಒಂದು ದಿನ ಕಳೆದು ಬರುವಂತೆ ನಾನು ತಪ್ಪದೆ ಹೇಳುತ್ತೇನೆ. ನಗರದ ನಡುಭಾಗದಿಂದ ಅದು 20 ಕಿಲೊಮೀಟರಿಗೂ ಕಡಿಮೆ ದೂರದಲ್ಲಿದೆ. 2021ರ ಜನಗಣತಿಯಂತೆ ಅಲ್ಲಿ ವಾಸವಾಗಿರುವವರು ಸುಮಾರು 39,000 ಜನ. ಸಂಸಾರಸ್ಥರ ಮನೆಗಳು, ಶಾಲೆಗಳು, ದಿನಸಿ ಅಂಗಡಿಗಳು, ಪ್ರಾರ್ಥನಾ ಮಂದಿರಗಳು ಇರುವ ಸಾಧಾರಣ ವಸತಿ ಪ್ರದೇಶವಾದ್ದರಿಂದ ಪ್ರವಾಸಿಗರಿಗೆಂದು ಅಲ್ಲಿ ಯಾರೂ ಏನನ್ನೂ ಅಣಿಗೊಳಿಸಿಲ್ಲ. ಹಾಗಾಗಿ ಹೋಗುವವರೇ ತಮ್ಮ ಸಮಯವನ್ನು ಊರಿನ ದಿನಚರಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಈ ಹೊಂದಾಣಿಕೆಯೊಂದನ್ನು ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು.

ಆಬರ್ನ್‌ನಲ್ಲಿ ಹಲವು ದೇಶಗಳಿಂದ ವಲಸೆ ಬಂದವರು ನೆಲೆಸಿದ್ದಾರೆ. ಇಷ್ಟೊಂದು ದೇಶಗಳ ಜನ ಇಲ್ಲೇ ಏಕೆ ನೆಲೆಸಿದರು ಎಂಬುದನ್ನು ಸ್ವಲ್ಪ ತಿಳಿದುಕೊಂಡು ಹೋದರೆ ಬೀದಿಗಳು ಚೆನ್ನಾಗಿ ಅರ್ಥವಾಗುತ್ತವೆ. ಸಿಡ್ನಿಯಿಂದ ಪರಮಟ್ಟಾ ಕಡೆಗೆ ರೈಲು ಓಡಲು ಆರಂಭವಾದದ್ದು 1855ರಲ್ಲಿ. ಆಬರ್ನ್‌ಗೆ ನಿಲ್ದಾಣ ಬಂದದ್ದು 1877ರಲ್ಲಿ. ಪಕ್ಕದ ಕ್ಲೈಡ್ ಮತ್ತು ಗ್ರ್ಯಾನ್‌ವಿಲ್ ಕಡೆ ಕಾರ್ಖಾನೆಗಳು ಬೆಳೆದಂತೆ ಕೆಲಸಗಾರರ ಮನೆಗಳೂ ಬೆಳೆದವು. ಮುಂದೆ 1967ರಲ್ಲಿ ಆಸ್ಟ್ರೇಲಿಯಾ ಮತ್ತು ಟರ್ಕಿ ವಲಸೆಯ ಒಪ್ಪಂದ ಮಾಡಿಕೊಂಡ ಮೇಲೆ, ಮರುವರ್ಷದಿಂದ ಬಂದಿಳಿದ ಟರ್ಕಿಯ ಕುಟುಂಬಗಳಲ್ಲಿ ಅನೇಕರು ಕಾರ್ಖಾನೆಗೂ ರೈಲಿಗೂ ಹತ್ತಿರವಾದ ಇಂಥ ಕಡೆ ಮನೆ ಹಿಡಿದರು. 1975ರಲ್ಲಿ ಲೆಬನಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು, ಅದೇ ವರ್ಷ ವಿಯೆಟ್ನಾಂ ಯುದ್ಧ ಮುಗಿಯಿತು. ಎರಡೂ ಕಡೆಯಿಂದ ಜನ ಬಂದರು. ಚೀನಾದವರು, ಅಫ್ಘಾನಿಸ್ತಾನದವರು, ಪಾಕಿಸ್ತಾನದವರು, ಈಚಿನ ವರ್ಷಗಳಲ್ಲಿ ನೇಪಾಳದವರು ಸೇರಿಕೊಂಡರು. ಒಂದು ಅಲೆ ಬಂದಾಗ ಹಿಂದಿನದು ಪೂರ್ತಿ ಖಾಲಿಯಾಗಲಿಲ್ಲ ಎಂಬುದೇ ಈ ಊರಿನ ವಿಶೇಷ ಎಂದು ನನಗನಿಸುತ್ತದೆ. ಒಂದೇ ಸಾಲಿನಲ್ಲಿ ಟರ್ಕಿಯ ರೊಟ್ಟಿಯಂಗಡಿ, ಚೀನೀ ಔಷಧದ ಅಂಗಡಿ, ಅಫ್ಘನ್ ಒಣಹಣ್ಣಿನ ಅಂಗಡಿ ಕಾಣಸಿಗುವುದು ಇದರಿಂದಲೇ.

ಹೋಗಲು ರೈಲೇ ಸರಿ. ಕಾರಿನಲ್ಲಿ ಹೋದರೆ ವಾಹನ ನಿಲ್ಲಿಸುವ ಜಾಗ ಹುಡುಕುವುದರಲ್ಲಿ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಸೆಂಟ್ರಲ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೋಗುವ ಎಲ್ಲ ರೈಲುಗಳೂ ಆಬರ್ನ್‌ನಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಪ್ಲಾಟ್‌ಫಾರಂ ಫಲಕದಲ್ಲಿ ನಿಲುಗಡೆಗಳ ಪಟ್ಟಿ ನೋಡಿಯೇ ಹತ್ತಬೇಕು. ಲಿಡ್ಕಮ್ ಆದಮೇಲಿನ ನಿಲ್ದಾಣವೇ ಆಬರ್ನ್, ಪಯಣ ಸರಿಸುಮಾರು ಅರ್ಧ ಗಂಟೆಯದು. ರೈಲು, ಬಸ್ಸುಗಳಿಗೆ ಬಳಸುವ ಓಪಲ್ ಎಂಬ ಪ್ರಯಾಣದ ಕಾರ್ಡ್ ಇಲ್ಲದಿದ್ದರೂ ಸಂಪರ್ಕರಹಿತ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿ ಒಳಹೋಗಬಹುದು. ಇಳಿದಾಗಲೂ ಅದೇ ಕಾರ್ಡನ್ನು ಮರೆಯದೆ ತೋರಿಸಬೇಕು, ಇಲ್ಲವಾದರೆ ಗರಿಷ್ಠ ದರ ಕಡಿತವಾಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಬೇರೆ ಕಾರ್ಡ್ ಬೇಕು. ಶುಕ್ರವಾರದಿಂದ ಭಾನುವಾರದವರೆಗೆ ದಿನದ ಗರಿಷ್ಠ ದರ ಕಡಿಮೆ ಇರುತ್ತದೆಂಬುದು ಲಾಭವೇ; ಆದರೆ ಸಿಡ್ನಿಯಲ್ಲಿ ಹಳಿ ದುರಸ್ತಿಯ ಕೆಲಸವನ್ನು ಹೆಚ್ಚಾಗಿ ವಾರಾಂತ್ಯದಲ್ಲೇ ಇಟ್ಟುಕೊಳ್ಳುವುದರಿಂದ, ರೈಲಿನ ಬದಲು ಬಸ್ಸು ಓಡುತ್ತಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ದಿನವನ್ನು ಬೊಟಾನಿಕ್ ಗಾರ್ಡನ್‌ನಿಂದ ಆರಂಭಿಸಿ. 1977ರಲ್ಲಿ ರೂಪುಗೊಂಡ ಈ ಸಸ್ಯೋದ್ಯಾನ ನಿಲ್ದಾಣದ ನೈರುತ್ಯಕ್ಕೆ, ಡಕ್ ರಿವರ್ ಎಂಬ ಚಿಕ್ಕ ನದಿಯ ಪಕ್ಕದಲ್ಲಿದೆ. ನಡೆಯುವ ಶಕ್ತಿಯಿದ್ದವರು ಮನೆಗಳ ನಡುವಿನ ರಸ್ತೆಗಳಲ್ಲಿ ಅರ್ಧ ಗಂಟೆ ನಡೆದು ತಲುಪಬಹುದು. ಆ ನಡಿಗೆಯಲ್ಲಿ ಹಳೆಯ ಮರದ ಹಲಗೆಯ ಮನೆಗಳೂ ಇಟ್ಟಿಗೆಯ ಬಂಗಲೆಗಳೂ ಹೊಸ ಅಪಾರ್ಟ್‌ಮೆಂಟುಗಳೂ ಒತ್ತಿಕೊಂಡು ನಿಂತಿರುವುದು ಕಾಣುತ್ತದೆ. ಮಂಡಿನೋವಿನವರು ನಿಲ್ದಾಣದಿಂದ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಲಿ. ಒಳಗಿನ ಜಪಾನೀ ಉದ್ಯಾನ ಹೆಸರುವಾಸಿಯಾದದ್ದು. ಕೆಂಪು ಬಣ್ಣದ ಸೇತುವೆ, ಕೊಳ, ಕಲ್ಲುಗಳ ಮೇಲಿಂದ ಬೀಳುವ ನೀರು, ಕತ್ತರಿಸಿ ರೂಪ ಕೊಟ್ಟ ಪೊದೆಗಳು ಒಂದರ ಹಿಂದೊಂದು ಎದುರಾಗುತ್ತವೆ. ನವಿಲುಗಳು ಕಾಲುದಾರಿಯಲ್ಲೇ ಅಡ್ಡಾಡುತ್ತವೆ. ಅವಕ್ಕೆ ತಿಂಡಿ ಹಾಕಬೇಡಿ, ಚಿಕ್ಕ ಮಕ್ಕಳನ್ನು ತೀರ ಹತ್ತಿರ ಬಿಡಬೇಡಿ. ಗುಲಾಬಿ ತೋಟವೂ ಆಸ್ಟ್ರೇಲಿಯಾದ ಸ್ಥಳೀಯ ಗಿಡಗಳ ಭಾಗವೂ ಕಾಂಗರೂಗಳಂಥ ಪ್ರಾಣಿಗಳಿರುವ ಆವರಣವೂ ಇವೆ.

ಆಗಸ್ಟ್ ತಿಂಗಳಲ್ಲಿ ಚೆರ್ರಿ ಮರಗಳು ಹೂಬಿಟ್ಟಾಗ ಇಲ್ಲಿ ಸಿಡ್ನಿ ಚೆರ್ರಿ ಬ್ಲಾಸಮ್ ಉತ್ಸವ ನಡೆಯುತ್ತದೆ. ಆ ದಿನಗಳಲ್ಲಿ ಟಿಕೆಟ್ ಮುಂಗಡವಾಗಿ ತೆಗೆದುಕೊಳ್ಳಬೇಕು, ಜನಜಂಗುಳಿಯೂ ವಿಪರೀತ. ಹೂವನ್ನು ನೋಡುವುದಷ್ಟೇ ಮುಖ್ಯವಾದರೆ ಉತ್ಸವದ ಹಿಂದುಮುಂದಿನ ವಾರದ ಒಂದು ದಿನ, ಶನಿವಾರ ಭಾನುವಾರ ಬಿಟ್ಟು, ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗುವುದು ಮೇಲು. ಉಳಿದ ದಿನಗಳಲ್ಲಿ, ಆಬರ್ನ್ ಸೇರಿರುವ ಸ್ಥಳೀಯ ಆಡಳಿತವಾದ ಕಂಬರ್‌ಲೆಂಡ್ ಕೌನ್ಸಿಲ್ ವ್ಯಾಪ್ತಿಯ ನಿವಾಸಿಗಳಿಗೆ ಪ್ರವೇಶ ಉಚಿತ. ಹೊರಗಿನವರು ವಾರಾಂತ್ಯದಲ್ಲಿ ಸಣ್ಣ ಶುಲ್ಕ ಕೊಡಬೇಕಾಗುವುದರಿಂದ ಕೌನ್ಸಿಲ್‌ನ ಜಾಲತಾಣದಲ್ಲಿ ಆಗಿನ ದರವನ್ನೂ ಮುಚ್ಚುವ ವೇಳೆಯನ್ನೂ ನೋಡಿಕೊಂಡು ಹೊರಡಿ. ಜೂನ್, ಜುಲೈನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ ಎಂಬುದು ನಮ್ಮ ಕಡೆಯಿಂದ ಬಂದವರ ನೆನಪಿನಲ್ಲಿರುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ತೊಂದರೆ ಬೇರೆ ರೀತಿಯದು: ಕಡಲಗಾಳಿ ಪಶ್ಚಿಮದ ಬಡಾವಣೆಗಳವರೆಗೆ ಅಷ್ಟಾಗಿ ಬಾರದ ಕಾರಣ ಇಲ್ಲಿ ತೀರಕ್ಕಿಂತ ಬಿಸಿಲು ಹೆಚ್ಚು. ಟೋಪಿ, ನೀರಿನ ಬಾಟಲಿ ಇರಲಿ. ನಲ್ಲಿ ನೀರು ಕುಡಿಯಲು ಯೋಗ್ಯವಾದದ್ದೇ.

ಕಂಬರ್‌ಲೆಂಡ್ ರಸ್ತೆಯಲ್ಲಿರುವ ಶ್ರೀ ಮಂದಿರಕ್ಕೆ ಹೋಗಬಯಸುವವರು ಅದರ ದರ್ಶನದ ವೇಳೆಯನ್ನು ಮೊದಲೇ ವಿಚಾರಿಸಬೇಕು. 1977ರಲ್ಲಿ ಆರಂಭವಾದ ಈ ದೇವಸ್ಥಾನ ಸಿಡ್ನಿಯ ಅತ್ಯಂತ ಹಳೆಯ ಹಿಂದೂ ದೇಗುಲಗಳಲ್ಲೊಂದು. ಎತ್ತರದ ಗೋಪುರವನ್ನು ನಿರೀಕ್ಷಿಸಿ ಹೋಗಬಾರದು. ವಸತಿ ಬೀದಿಯ ಮನೆಗಳ ನಡುವೆಯೇ ಅದು ಇದೆ. ಬಂದ ಹೊಸತರಲ್ಲಿ ಕೈಯಲ್ಲಿ ಹೆಚ್ಚು ಹಣವಿಲ್ಲದ ಜನ ದೇವರಿಗೊಂದು ನೆಲೆ ಮಾಡಿಕೊಂಡ ಬಗೆ ಅಲ್ಲಿ ಕಣ್ಣಿಗೆ ಕಾಣುತ್ತದೆ, ಆ ಕಾರಣಕ್ಕಾಗಿಯೇ ನನಗೆ ಅದರ ಮೇಲೆ ಗೌರವ.

ಮಧ್ಯಾಹ್ನದ ಊಟಕ್ಕೆ ನಿಲ್ದಾಣದ ದಕ್ಷಿಣದ ಆಬರ್ನ್ ರಸ್ತೆ ಮತ್ತು ಸೌತ್ ಪರೇಡ್ ಕಡೆ ಬನ್ನಿ. ಮಾಂಸಾಹಾರಿಗಳಿಗೆ ಕೆಂಡದ ಮೇಲೆ ಸುಟ್ಟ ಕಬಾಬ್, ಮಾಂಸ ತುಂಬಿದ ಅಫ್ಘನ್ ಕಡುಬು ಮಂತು, ಉದ್ದನೆಯ ಟರ್ಕಿಷ್ ರೊಟ್ಟಿ ಪಿದೆ ಹೀಗೆ ಆಯ್ಕೆಗೆ ಕೊರತೆಯಿಲ್ಲ, ಅವರಿಗೆ ಮಾರ್ಗದರ್ಶನವೂ ಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ಮಾತ್ರ ನಾಲ್ಕು ಮಾತು ಹೇಳಲೇಬೇಕು. ಗೊಜ್ಲೆಮೆ ಎಂಬ ಟರ್ಕಿಯ ತಿನಿಸು ಸಿಕ್ಕಿದರೆ ಬಿಡಬೇಡಿ. ಮಾಡುವವರು ಹಿಟ್ಟಿನ ಉಂಡೆಯನ್ನು ತೆಳ್ಳನೆಯ ಉದ್ದ ಲಟ್ಟಣಿಗೆಯಿಂದ, ಕೆಳಗಿನ ಮಣೆ ಕಾಣಿಸುವಷ್ಟು ತೆಳುವಾಗಿ ಲಟ್ಟಿಸುತ್ತಾರೆ. ಹೆಚ್ಚಿದ ಪಾಲಕ್ ಸೊಪ್ಪು ಮತ್ತು ಪುಡಿ ಮಾಡಿದ ಬಿಳಿ ಚೀಸನ್ನು ಅರ್ಧ ಭಾಗದ ಮೇಲೆ ಹರಡಿ, ಉಳಿದರ್ಧವನ್ನು ಮಡಚಿ, ಅಗಲವಾದ ಕಾವಲಿಯ ಮೇಲೆ ಎರಡೂ ಬದಿ ಕಂದು ಚುಕ್ಕೆ ಬರುವವರೆಗೆ ಬೇಯಿಸಿ, ಬೆಣ್ಣೆ ಸವರಿ, ತುಂಡು ಮಾಡಿ, ನಿಂಬೆಹೋಳಿನ ಜೊತೆ ಕೊಡುತ್ತಾರೆ. ಬಿಸಿ ಇರುವಾಗಲೇ ನಿಂಬೆ ಹಿಂಡಿಕೊಂಡು ತಿನ್ನಬೇಕು. ಆಲೂಗಡ್ಡೆ ತುಂಬಿದ ಅಫ್ಘನ್ ರೊಟ್ಟಿ ಬೋಲಾನಿಯೂ ನಮ್ಮ ನಾಲಗೆಗೆ ಚೆನ್ನಾಗಿ ಒಗ್ಗುತ್ತದೆ. ಬೇಳೆಯ ಸೂಪ್, ಬೇಯಿಸಿ ಅರೆದ ಕಡಲೆಯ ಹಮ್ಮುಸ್, ಬದನೆಕಾಯಿಯ ಪದಾರ್ಥಗಳು ಸಾಮಾನ್ಯವಾಗಿ ಸಿಗುತ್ತವೆ.

ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದ ಕಡೆ. ಕಾಬೂಲಿ ಪುಲಾವಿನ ಅಕ್ಕಿಯನ್ನು ಮಾಂಸದ ಸಾರಿನಲ್ಲೇ ಬೇಯಿಸುವುದು ವಾಡಿಕೆ. ತುಂಡುಗಳನ್ನು ತೆಗೆದು ಬಡಿಸಿದ ಮಾತ್ರಕ್ಕೆ ಅದು ಸಸ್ಯಾಹಾರವಾಗುವುದಿಲ್ಲ. ಸೂಪಿಗೆ ಕೋಳಿಯ ಸಾರು ಬಳಸಿದ್ದಾರೆಯೇ, ವಡೆಯಂಥ ಫಲಾಫೆಲ್ ಕರಿದ ಎಣ್ಣೆಯಲ್ಲೇ ಮಾಂಸವನ್ನೂ ಕರಿಯುತ್ತಾರೆಯೇ ಎಂದು ಕೇಳಿ. ಚೀಸ್ ತಯಾರಿಕೆಯಲ್ಲಿ ಹಾಲನ್ನು ಗಟ್ಟಿಗೊಳಿಸಲು ರೆನೆಟ್ ಎಂಬ ಪ್ರಾಣಿಜನ್ಯ ವಸ್ತುವನ್ನು ಬಳಸಿರುವ ಸಾಧ್ಯತೆಯಿದ್ದು, ಕಟ್ಟುನಿಟ್ಟಿನವರು ಅದನ್ನೂ ವಿಚಾರಿಸಬಹುದು. ಇಂಥ ಪ್ರಶ್ನೆಗಳಿಗೆ ಇಲ್ಲಿ ಯಾರೂ ಬೇಸರಪಡುವುದಿಲ್ಲ, ಏಕೆಂದರೆ ತಿನ್ನುವ ವಸ್ತು ಹಲಾಲ್ ಹೌದೋ ಅಲ್ಲವೋ ಎಂದು ದಿನವೂ ಕೇಳಿ ತಿಳಿದುಕೊಳ್ಳುವ ಗಿರಾಕಿಗಳೇ ಇಲ್ಲಿ ಹೆಚ್ಚು. ಇಂಗ್ಲಿಷ್ ಸಾಲದೆ ಹೋದಲ್ಲಿ ನೇಪಾಳಿ, ಪಾಕಿಸ್ತಾನಿ ಅಂಗಡಿಗಳಲ್ಲಿ ಹಿಂದಿ ನಡೆಯುತ್ತದೆ. ಅಫ್ಘನ್ನರಲ್ಲೂ ಹಲವರಿಗೆ ಅರ್ಥವಾಗುತ್ತದೆ. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆದರೂ ಚಿಕ್ಕ ಅಂಗಡಿಗಳಿಗಾಗಿ ಒಂದಿಷ್ಟು ಡಾಲರ್ ನೋಟುಗಳಿರಲಿ. ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು ಆಸ್ಟ್ರೇಲಿಯಾದ ಹೋಟೆಲುಗಳು ಬಿಲ್ಲಿನ ಮೇಲೆ ಹೆಚ್ಚುವರಿ ಶುಲ್ಕ ಹಾಕುವುದುಂಟು. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ರಂಜಾನ್ ತಿಂಗಳಲ್ಲಿ ಹೋಗುವುದಾದರೆ ಕ್ರಮವನ್ನೇ ಬದಲಿಸಿಕೊಳ್ಳಿ. ಹಗಲಿನಲ್ಲಿ ಕೆಲವು ಹೋಟೆಲುಗಳು ಮುಚ್ಚಿರುತ್ತವೆ, ಸೂರ್ಯಾಸ್ತಕ್ಕೆ ಸರಿಯಾಗಿ ಎಲ್ಲ ಕಡೆ ಒಮ್ಮೆಲೇ ಜನ ತುಂಬುತ್ತಾರೆ. ದಿನವಿಡೀ ಉಪವಾಸವಿದ್ದ ಕುಟುಂಬಗಳಿಗೆ ಆ ಅರ್ಧ ಗಂಟೆಯ ಮೇಜುಗಳನ್ನು ಬಿಟ್ಟುಕೊಟ್ಟು ಸ್ವಲ್ಪ ತಡವಾಗಿ ಹೋಗುವುದು ಸೌಜನ್ಯ. ಬೀದಿ ತುಂಬ ಗದ್ದಲ, ದೀಪ, ತಿನಿಸಿನ ಸಾಲುಗಳೇ ಬೇಕೆನ್ನುವವರಿಗೆ ಸಿಡ್ನಿಯ ಇನ್ನೊಂದು ಬಡಾವಣೆಯಾದ ಲಕೆಂಬಾದ ರಂಜಾನ್ ರಾತ್ರಿಗಳು ಪ್ರಸಿದ್ಧವಾಗಿವೆ.

ಊಟವಾದ ಮೇಲೆ ಹಳಿಯ ಉತ್ತರ ಬದಿಗೆ ದಾಟಿ, ಗೆಲಿಬೊಲು ಪರೇಡ್ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು ಹತ್ತು ನಿಮಿಷ ನಡೆದರೆ ಆಬರ್ನ್ ಗ್ಯಾಲಿಪೊಲಿ ಮಸೀದಿ ಸಿಗುತ್ತದೆ. ಟರ್ಕಿಯ ವಲಸಿಗರು ಒಂದು ಮನೆಯ ಒಳಗೋಡೆಗಳನ್ನು ತೆಗೆದು, ಅದನ್ನೇ ಪ್ರಾರ್ಥನೆಯ ಜಾಗವಾಗಿ 1979ರಲ್ಲಿ ತೆರೆದರು. ಈಗಿನ ಕಟ್ಟಡದ ಕೆಲಸ 1986ರಲ್ಲಿ ಆರಂಭವಾಗಿ 1999ರಲ್ಲಿ ಮುಗಿಯಿತು. ಹಳೆಯ ಟರ್ಕಿ ಸಾಮ್ರಾಜ್ಯವಾದ ಆಟೊಮನ್ ಶೈಲಿಯ ನಡುಗುಮ್ಮಟ, ಎರಡು ಮಿನಾರುಗಳು, ಒಳಗೆ ಗುಮ್ಮಟದ ಸುತ್ತ ಬರೆದ ಅಲಂಕಾರಿಕ ಲಿಪಿಯನ್ನು ತಲೆಯೆತ್ತಿ ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. 1915ರಲ್ಲಿ ಟರ್ಕಿಯ ಗ್ಯಾಲಿಪೊಲಿಯ ತೀರದಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೈನಿಕರು ಆಟೊಮನ್ ಸೈನಿಕರ ಎದುರು ಹೋರಾಡಿ ಎರಡೂ ಕಡೆ ಸಾವಿರಾರು ಮಂದಿ ಸತ್ತರು. ಪ್ರತಿವರ್ಷ ಏಪ್ರಿಲ್ 25ರಂದು ಆಸ್ಟ್ರೇಲಿಯಾ ಆ ಹೋರಾಟವನ್ನು ಸ್ಮರಿಸುತ್ತದೆ. ಒಂದು ಕಾಲದಲ್ಲಿ ಎದುರಾಳಿಗಳಾಗಿದ್ದವರ ಮೊಮ್ಮಕ್ಕಳು ತಾವು ಬಂದು ನೆಲೆಸಿದ ದೇಶದಲ್ಲಿ ತಮ್ಮ ಮಸೀದಿಗೆ ಆ ಯುದ್ಧಭೂಮಿಯ ಹೆಸರನ್ನೇ ಇಟ್ಟದ್ದು ನನ್ನ ಮಟ್ಟಿಗೆ ಈ ಊರಿನಲ್ಲಿ ತಿಳಿಯಬೇಕಾದ ಅತಿ ದೊಡ್ಡ ಸಂಗತಿ.

ಅನ್ಯಧರ್ಮೀಯರಿಗೆ ಇಲ್ಲಿ ಸ್ವಾಗತವಿದೆ. ಆದರೂ ಮೊದಲೇ ಸಂಪರ್ಕಿಸಿ ಸಮಯ ಗೊತ್ತು ಮಾಡಿಕೊಂಡು ಹೋದರೆ ವಿವರಿಸಿ ಹೇಳುವವರೂ ಸಿಗುತ್ತಾರೆ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಗೆ ನೂರಾರು ಜನ ಸೇರುವುದರಿಂದ ಆ ಹೊತ್ತನ್ನು ಬಿಟ್ಟುಬಿಡಿ. ತೋಳು, ಕಾಲು ಮುಚ್ಚುವ ಬಟ್ಟೆ ತೊಡಬೇಕು. ಹೆಂಗಸರ ಬಳಿ ತಲೆಗೆ ಹೊದೆಯಲು ದುಪಟ್ಟಾ ಇರಬೇಕು, ಸೀರೆಯಾದರೆ ಸೆರಗೇ ಸಾಕು. ಚಪ್ಪಲಿಯನ್ನು ಹೊರಗೆ ಬಿಟ್ಟು, ರತ್ನಗಂಬಳಿಯ ಮೇಲೆ ನಮಾಜು ಮಾಡುತ್ತಿರುವವರ ಎದುರಿನಿಂದ ಹಾಯದೆ ಹಿಂದಿನಿಂದ ಸುತ್ತಿ ಹೋಗಬೇಕು. ಒಳಗೆ ಫೋಟೊ ತೆಗೆಯುವ ಮುನ್ನ ಕೇಳಿ, ಜನರು ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ.

ಈ ಕೊನೆಯ ಮಾತು ಬೀದಿಗೂ ಅನ್ವಯಿಸುತ್ತದೆ. ಯುದ್ಧದಿಂದ ತಪ್ಪಿಸಿಕೊಂಡು ಬಂದವರು, ತಾಯ್ನಾಡಿನಲ್ಲಿ ಇನ್ನೂ ಬಂಧುಗಳನ್ನು ಉಳಿಸಿ ಬಂದವರು ಇಲ್ಲಿದ್ದಾರೆ. ತಮ್ಮ ಮುಖ ಎಲ್ಲೋ ಪ್ರಕಟವಾಗುವುದು ಅವರಿಗೆ ಬೇಡವಾಗಿರಬಹುದು. ಅಂಗಡಿಯ ಹಣ್ಣಿನ ರಾಶಿಯ ಚಿತ್ರ ಬೇಕಿದ್ದರೂ ಯಜಮಾನರನ್ನು ಕೇಳಿ, ಏನಾದರೂ ಕೊಂಡು ಆಮೇಲೆ ತೆಗೆಯಿರಿ. ಮನೆಗಳ ಅಂಗಳದತ್ತ, ಶಾಲೆ ಬಿಟ್ಟು ಬರುವ ಮಕ್ಕಳತ್ತ ಕ್ಯಾಮೆರಾ ತಿರುಗಿಸಲೇಬೇಡಿ. ಮಾತಿಗೆ ಸಿಕ್ಕವರನ್ನು ಏಕೆ ದೇಶ ಬಿಟ್ಟಿರಿ ಎಂದು ಕೆದಕುವುದಕ್ಕಿಂತ, ಈ ಒಣಹಣ್ಣನ್ನು ಹೇಗೆ ತಿನ್ನುತ್ತಾರೆ, ಈ ಚಹಾವನ್ನು ಎಷ್ಟು ಹೊತ್ತು ಕುದಿಸಬೇಕು ಎಂದು ಕೇಳಿದರೆ ಸಂಭಾಷಣೆ ತಾನಾಗಿ ಬೆಳೆಯುತ್ತದೆ.

ಮನೆಗೆ ಒಯ್ಯಲು ಬಕ್ಲಾವಾ, ಪಿಸ್ತಾ, ಅಂಜೂರ, ಖರ್ಜೂರ ತಕ್ಕವು. ಬಕ್ಲಾವಾದಲ್ಲಿ ಸಾಮಾನ್ಯವಾಗಿ ತೆಳ್ಳನೆಯ ಹಿಟ್ಟಿನ ಪದರ, ಬೆಣ್ಣೆ, ಬೀಜಗಳು ಮತ್ತು ಸಕ್ಕರೆ ಪಾಕವಷ್ಟೇ ಇರುತ್ತವೆ. ಟರ್ಕಿಷ್ ಡಿಲೈಟ್ ಎಂಬ ಸಿಹಿಯನ್ನು ಸಾಂಪ್ರದಾಯಿಕವಾಗಿ ಪಿಷ್ಟದಿಂದ ಮಾಡುತ್ತಾರಾದರೂ ಕೆಲವು ಕಂಪನಿಗಳು ಪ್ರಾಣಿಜನ್ಯವಾದ ಜೆಲಾಟಿನ್ ಬೆರೆಸುವುದರಿಂದ ಡಬ್ಬದ ಮೇಲಿನ ವಿವರ ಓದಿ ಕೊಳ್ಳಬೇಕು. ಜೊತೆಯಲ್ಲಿ ಮಕ್ಕಳಿದ್ದು ಇನ್ನೂ ಹೊತ್ತಿದ್ದರೆ, ಹಿಂದಿರುಗುವಾಗ ಲಿಡ್ಕಮ್‌ನಲ್ಲಿ ಇಳಿದು ಟಿ7 ಮಾರ್ಗದ ರೈಲು ಹಿಡಿದರೆ 2000ದ ಒಲಿಂಪಿಕ್ಸ್ ನಡೆದ ಒಲಿಂಪಿಕ್ ಪಾರ್ಕಿಗೆ ಕೆಲವೇ ನಿಮಿಷಗಳ ದಾರಿ. ಅಲ್ಲಿ ಓಡಾಡಲು ವಿಶಾಲವಾದ ಬಯಲಿದೆ. ದೊಡ್ಡವರಷ್ಟೇ ಇದ್ದು ಹಸಿವಾಗಿದ್ದರೆ ಲಿಡ್ಕಮ್ ನಿಲ್ದಾಣದ ಸುತ್ತಲಿನ ಕೊರಿಯನ್ ಹೋಟೆಲುಗಳಲ್ಲಿ ರಾತ್ರಿಯ ಊಟ ಮುಗಿಸಬಹುದು, ಅಲ್ಲಿಯೂ ಸಾರಿನಲ್ಲಿ ಮೀನು ಇದೆಯೇ ಎಂದು ಕೇಳುವುದನ್ನು ಸಸ್ಯಾಹಾರಿಗಳು ಮರೆಯಬಾರದು.