ಮಗು ಒಂದು ಕಡೆ ಕೂರಲ್ಲ, ಹೇಳಿದ್ದು ತಲೆಗೆ ಹೋಗಲ್ಲ: ಎಡಿಎಚ್‌ಡಿ ಅನುಮಾನ ಬಂದರೆ ಏನು ಮಾಡಬೇಕು?

ಹಾಸನಾಂಬೆ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತ ಏಳು ವರ್ಷದ ಹುಡುಗ ಬ್ಯಾರಿಕೇಡ್ ಹತ್ತಿ ಇಳಿದು ರಂಪ ಮಾಡಿದರೆ ಅದು ಕಾಯಿಲೆ ಅಲ್ಲ. ಅಲ್ಲಿ ದೊಡ್ಡವರೇ ರೇಗಾಡುತ್ತಿರುತ್ತಾರೆ. ಆದರೆ ಅದೇ ಹುಡುಗ ಕ್ಲಾಸಿನಲ್ಲಿ, ಊಟದ ತಟ್ಟೆ ಮುಂದೆ, ಅಜ್ಜಿ ಮನೆಯಲ್ಲಿ, ಕೊನೆಗೆ ತನಗಿಷ್ಟವಾದ ಆಟದಲ್ಲೂ ತನ್ನ ಸರದಿಗೆ ಕಾಯಲಾಗದೆ ಒದ್ದಾಡುತ್ತಿದ್ದರೆ, ಅದು ಆರು ತಿಂಗಳಿಂದ ಹೀಗೇ ನಡೆದು ಓದಿಗೂ ಗೆಳೆತನಕ್ಕೂ ಪೆಟ್ಟು ಕೊಡುತ್ತಿದ್ದರೆ, ಆಗ ಎಡಿಎಚ್‌ಡಿ ಬಗ್ಗೆ ಯೋಚಿಸಬೇಕು.

ಇದು ಗಮನದ ಕೊರತೆ, ಅತಿ ಚಟುವಟಿಕೆ, ಹಿಂದೆಮುಂದೆ ನೋಡದೆ ಮಾಡಿಬಿಡುವ ಆತುರ ಸೇರಿದ ತೊಂದರೆ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಪ್ರಪಂಚದಲ್ಲಿ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದು ಕಾಣುತ್ತದೆ. ಮನೆತನದಲ್ಲಿ ಬರುವುದೂ ಜಾಸ್ತಿ, 'ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ' ಅಂತ ಅಜ್ಜಿ ಹೇಳಿದರೆ ಅದನ್ನು ಡಾಕ್ಟರಿಗೂ ಹೇಳಿ. ಬುದ್ಧಿ ಕಮ್ಮಿ ಅಂತ ಅರ್ಥ ಅಲ್ಲ. ಏನು ಮಾಡಬೇಕು ಅನ್ನುವುದು ಈ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಆ ಹೊತ್ತಿಗೆ ಅದನ್ನು ಮಾಡೋಕೆ ಆಗಲ್ಲ. ಅದಕ್ಕೇ ಎಷ್ಟು ಬುದ್ಧಿ ಹೇಳಿದರೂ ದಕ್ಕುವುದಿಲ್ಲ.

'ಮೊಬೈಲ್ ಕೊಟ್ಟರೆ ಮಾತ್ರ ಅಲ್ಲಾಡಲ್ಲ, ಹಾಗಾದ್ರೆ ಗಮನ ಇದೆ ಅಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಮೊಬೈಲ್ ಆಟದಲ್ಲಿ ಕ್ಷಣಕ್ಕೊಂದು ಬಹುಮಾನ ಸಿಗುತ್ತದೆ. ಮಗ್ಗಿ ಬರೆದರೆ ಏನಾದರೂ ಸಿಗುವುದು ಪರೀಕ್ಷೆ ಮುಗಿದ ಮೇಲೆ. ಅಷ್ಟು ದೂರದ ಲಾಭ ಈ ಮಕ್ಕಳನ್ನು ಹಿಡಿದು ಕೂರಿಸುವುದಿಲ್ಲ.

ಮೊದಲು ಬರೆದಿಡಿ

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದೆರಡು ವಾರ ಒಂದು ನೋಟ್‌ಬುಕ್ ಇಡಿ. 'ತುಂಬಾ ತುಂಟ' ಅಂತ ಬರೆದರೆ ಉಪಯೋಗವಿಲ್ಲ. 'ಸಂಜೆ ಆರೂವರೆ, ಕಾಪಿ ರೈಟಿಂಗ್, ಮೂರು ಸಾಲು ಬರೆದು ರಬ್ಬರ್ ಹುಡುಕಲು ಎದ್ದ, ಹತ್ತು ನಿಮಿಷದ ಮೇಲೆ ನೋಡಿದರೆ ಬೀದಿಯಲ್ಲಿ ಟೈರ್ ಓಡಿಸುತ್ತಿದ್ದ' ಅಂತ ಬರೆಯಿರಿ. ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಸಲ ಎದ್ದ, ಏನು ತಿಂದ, ಅದೂ ಇರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿ ನೋಡಿ. ಎಷ್ಟೋ ಹುಡುಗಿಯರು ಓಡಾಡುವುದಿಲ್ಲ, ಗಲಾಟೆ ಮಾಡುವುದಿಲ್ಲ, ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತಿರುತ್ತಾರೆ. ಪೆನ್ಸಿಲ್ ಬಾಕ್ಸ್ ಕಳೆಯುತ್ತದೆ, ಹೋಂವರ್ಕ್ ಅರ್ಧಕ್ಕೆ ನಿಲ್ಲುತ್ತದೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಇದೂ ಎಡಿಎಚ್‌ಡಿಯ ಒಂದು ಬಗೆಯೇ.

ಆಮೇಲೆ ಕ್ಲಾಸ್ ಟೀಚರ್‌ಗೆ ಒಂದು ಹಾಳೆ ಬರೆದುಕೊಡಲು ಕೇಳಿ. ಇದು ಮುಖ್ಯ. ತೊಂದರೆ ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಇರಬೇಕು, 12 ವರ್ಷದೊಳಗೇ ಶುರುವಾಗಿರಬೇಕು, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲೋ ಚಟುವಟಿಕೆಗೆ ಸಂಬಂಧಿಸಿದ 9ರಲ್ಲೋ ಕನಿಷ್ಠ 6 ಇರಬೇಕು ಅನ್ನುವುದು ವೈದ್ಯರ ಲೆಕ್ಕ. ಮನೆಯಲ್ಲಿ ಮಾತ್ರ ಗಲಾಟೆ, ಶಾಲೆಯಲ್ಲಿ ತೆಪ್ಪಗಿರುತ್ತಾನೆ ಅಂದರೆ ಕಾರಣ ಬೇರೆಯೇ ಇರಬಹುದು.

ಬೇರೆ ಕಾರಣ ಇಲ್ಲ ಅಂತ ನೋಡಿಕೊಳ್ಳಿ

ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದ ಮಗುವೂ ಪಾಠ ಕೇಳುವುದಿಲ್ಲ. ರಕ್ತಹೀನತೆ, ಥೈರಾಯ್ಡ್, ಗೊರಕೆಯಿಂದ ನಿದ್ದೆ ಕೆಡುವುದು, ಕೆಲವು ಸೆಕೆಂಡ್ ಶೂನ್ಯಕ್ಕೆ ನೋಡುತ್ತಾ ನಿಂತುಬಿಡುವ ಒಂದು ಬಗೆಯ ಫಿಟ್ಸ್, ಮನೆಯಲ್ಲಿ ದಿನಾ ನಡೆಯುವ ಜಗಳ, ಇವೆಲ್ಲವೂ ಹೊರಗಿನಿಂದ ಎಡಿಎಚ್‌ಡಿಯ ಹಾಗೇ ಕಾಣಬಹುದು. ಓದು, ಬರಹ, ಲೆಕ್ಕ ಕಲಿಯಲು ಕಷ್ಟವಾಗುವ ಕಲಿಕಾ ನ್ಯೂನತೆ ಜೊತೆಯಲ್ಲೇ ಇರುವುದೂ ಉಂಟು. ಇನ್ನು ಎಡಿಎಚ್‌ಡಿಯನ್ನು ಹಿಡಿದು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ. ವೈದ್ಯರು ಮಾತಾಡಿ, ನೋಡಿ, ನಿಮ್ಮ ನೋಟ್‌ಬುಕ್ ಓದಿಯೇ ತೀರ್ಮಾನಿಸಬೇಕು.

ಎಲ್ಲಿಗೆ ಹೋಗಬೇಕು

ಮಕ್ಕಳ ಡಾಕ್ಟರಿಂದ ಶುರು ಮಾಡಿ. ಹಾಸನದವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರದ ಕಡೆಯವರು ಶಾಲೆಗೆ ಬಂದು ಮಕ್ಕಳ ತಪಾಸಣೆ ಮಾಡುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡವನ್ನೂ ಕೇಳಬಹುದು. 2013ರಲ್ಲಿ ಶುರುವಾದ ಈ ಯೋಜನೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕುವ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೇಸ್ ತೊಡಕಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಬೇರೆ ವಿಭಾಗ ಇದೆ.

ಮನೆಯಲ್ಲಿ ಮಾಡಬೇಕಾದದ್ದು

ನನ್ನ ಪ್ರಕಾರ ಅರ್ಧ ಚಿಕಿತ್ಸೆ ಇಲ್ಲೇ ಇದೆ, ಆದರೆ ಜನ ಇದನ್ನೇ ಬಿಟ್ಟು ಮಾತ್ರೆ ಬೇಕೋ ಬೇಡವೋ ಅಂತ ವಾದ ಮಾಡುತ್ತಾ ಕೂರುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗಂತೂ ತಂದೆತಾಯಿಗೆ ತರಬೇತಿ ಕೊಡುವುದೇ ಮೊದಲ ಚಿಕಿತ್ಸೆ.

ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಮಗು ನಿಮ್ಮ ಮುಖ ನೋಡಿದ ಮೇಲೆ ಒಂದೇ ಒಂದು ಕೆಲಸ ಹೇಳಿ. 'ಸ್ನಾನ ಮಾಡಿ ಯೂನಿಫಾರ್ಮ್ ಹಾಕ್ಕೊಂಡು ಬ್ಯಾಗ್ ರೆಡಿ ಮಾಡ್ಕೊಂಡು ಬಾ' ಅನ್ನುವುದು ಒಂದು ಮಾತಲ್ಲ, ಮೂರು. ಮೊದಲನೆಯದಕ್ಕೆ ಹೋದವನು ಬಚ್ಚಲಲ್ಲಿ ಇರುವೆ ಸಾಲು ನೋಡುತ್ತಾ ನಿಂತಿರುತ್ತಾನೆ. ಅದರ ಬದಲು ಬಚ್ಚಲ ಬಾಗಿಲಿಗೆ, ಬೀರುವಿಗೆ, ಬ್ಯಾಗ್ ಇಡುವ ಮೊಳೆಯ ಪಕ್ಕಕ್ಕೆ ಒಂದೊಂದು ಚೀಟಿ ಅಂಟಿಸಿ. ಓದು ಬಾರದವರಿಗೆ ಚಿತ್ರ ಬರೆದು ಅಂಟಿಸಿ. ನೆನಪಿಸುವ ವಸ್ತು ಕೆಲಸ ನಡೆಯುವ ಜಾಗದಲ್ಲೇ ಇರಬೇಕು.

ಹೋಂವರ್ಕ್ ಹತ್ತು ಹದಿನೈದು ನಿಮಿಷದ ತುಂಡು ಮಾಡಿ, ಮಧ್ಯೆ ಅಂಗಳದಲ್ಲಿ ಎರಡು ಸುತ್ತು ಓಡಿಬರಲಿ. ಒಂದು ತುಂಡು ಮುಗಿದ ತಕ್ಷಣ ಹೊಗಳಿ, ಚಾರ್ಟ್ ಮೇಲೆ ಒಂದು ಚುಕ್ಕೆ ಇಡಿ. 'ಪಾಸಾದರೆ ಸೈಕಲ್ ಕೊಡಿಸ್ತೀನಿ' ಅನ್ನುವ ಆಸೆ ಇವರಿಗೆ ನಾಟುವುದಿಲ್ಲ, ಇವತ್ತಿನ ಹತ್ತು ನಿಮಿಷದ ಕ್ಯಾರಂ ನಾಟುತ್ತದೆ. ತಪ್ಪಿಗೂ ಅಷ್ಟೇ: ಶಿಕ್ಷೆ ಚಿಕ್ಕದಿರಲಿ, ಆಗಲೇ ಇರಲಿ, ದಿನಾ ಒಂದೇ ಥರ ಇರಲಿ. ಅಪ್ಪ ಬೈದದ್ದನ್ನು ಅಜ್ಜಿ ಮುದ್ದು ಮಾಡಿ ಅಳಿಸಿದರೆ ಕೆಲಸ ಕೆಟ್ಟಿತು. ಹೊಡೆದರೆ ಸರಿಹೋಗುತ್ತದೆ ಅನ್ನುವವರಿಗೆ ಒಂದು ಪ್ರಶ್ನೆ. ಇಷ್ಟು ದಿನದ ಏಟಿಗೆ ಸರಿಹೋಗಿದೆಯಾ?

ಸಕ್ಕರೆ ಜಾಸ್ತಿ ತಿಂದದ್ದರಿಂದ ಹೀಗೆ ಅನ್ನುವುದನ್ನು ಪರೀಕ್ಷಿಸಿ ನೋಡಿದ್ದಾರೆ, ಸಂಬಂಧ ಸಿಕ್ಕಿಲ್ಲ. ತಾಯತ ಕಟ್ಟಿಸುವುದು ನಿಮ್ಮ ನಂಬಿಕೆ, ಕಟ್ಟಿಸಿ, ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಮುಂದೂಡಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿದುಳು ಚುರುಕು ಕ್ಲಾಸುಗಳಿಗೆ ದುಡ್ಡು ಸುರಿಯಬೇಡಿ.

ಶಾಲೆಯಲ್ಲಿ ಕೇಳಬೇಕಾದದ್ದು ದೊಡ್ಡದೇನಲ್ಲ. ಮುಂದಿನ ಬೆಂಚು, ಪಕ್ಕದಲ್ಲಿ ಸಮಾಧಾನದ ಗೆಳೆಯ, ಡಸ್ಟರ್ ತರುವ, ಪುಸ್ತಕ ಹಂಚುವ ಕೆಲಸ. ಆಟದ ಪಿರಿಯಡ್ ಕಿತ್ತುಕೊಳ್ಳುವ ಶಿಕ್ಷೆ ಮಾತ್ರ ಬೇಡ ಅನ್ನಿ.

ಮಾತ್ರೆ ಬರೆದುಕೊಟ್ಟರೆ

ಆರು ವರ್ಷ ದಾಟಿದ, ತೊಂದರೆ ಜಾಸ್ತಿಯಿರುವ ಮಕ್ಕಳಿಗೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್. ಇದು ಹೊಸದಲ್ಲ, 1944ರಲ್ಲೇ ತಯಾರಾದದ್ದು. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ. ಮಾಮೂಲಿ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ, ನಿಧಾನವಾಗಿ ಬಿಡುಗಡೆಯಾಗುವುದು ಇನ್ನೂ ಹೆಚ್ಚು ಹೊತ್ತು. ಇನ್ನೊಂದು ಔಷಧಿ ಅಟೊಮಾಕ್ಸೆಟಿನ್, ಅದರ ಪೂರ್ತಿ ಫಲ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ನೋಡಿ 'ಏನೂ ಆಗಲಿಲ್ಲ' ಅಂತ ನಿಲ್ಲಿಸಬೇಡಿ.

ಮೀಥೈಲ್‌ಫೆನಿಡೇಟ್‌ನಿಂದ ಹಸಿವು ಕಡಿಮೆಯಾಗುತ್ತದೆ, ಕೆಲವರಿಗೆ ತಲೆನೋವು, ಹೊಟ್ಟೆನೋವು, ನಿದ್ದೆ ಬಾರದಿರುವುದು. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬಂದರೆ ಗಾಬರಿ ಬೇಡ. ಮಾತ್ರೆಗೆ ಮುಂಚೆ ಬೆಳಿಗ್ಗೆಯೇ ಅಕ್ಕಿ ರೊಟ್ಟಿ, ಮೊಟ್ಟೆ ಅಂತ ಹೊಟ್ಟೆ ತುಂಬಿಸಿ. ರಾತ್ರಿ ಪ್ರಭಾವ ಇಳಿದ ಮೇಲೆ ಹಸಿವಾಗುತ್ತದೆ, ಆಗ ಮುದ್ದೆ ಸಾರು ಧಾರಾಳವಾಗಿ ಬಡಿಸಿ. ಎತ್ತರ, ತೂಕ, ಬಿಪಿ, ನಾಡಿ ಪ್ರತಿ ಭೇಟಿಯಲ್ಲೂ ನೋಡಿಸಿ. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ ಮೊದಲೇ ಹೇಳಿ.

ಮೀಥೈಲ್‌ಫೆನಿಡೇಟ್ ಕಾನೂನಿನ ಷೆಡ್ಯೂಲ್ ಎಕ್ಸ್, ಅಂದರೆ ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಿಗಳ ಪಟ್ಟಿಯಲ್ಲಿದೆ. ಮಾರಲು ಬೇರೆ ಲೈಸೆನ್ಸ್ ಬೇಕು, ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಅಂಗಡಿಯವರು ಒಂದನ್ನು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಊರಿನ ಚಿಕ್ಕ ಮೆಡಿಕಲ್‌ನಲ್ಲಿ ಸಿಗುತ್ತದೆ ಅಂತ ನಂಬಿಕೊಂಡಿರಬೇಡಿ. ಡಾಕ್ಟರನ್ನು ನೋಡಿದ ಊರಲ್ಲೇ, ಅವತ್ತೇ ಕೊಂಡು ಬಸ್ ಹತ್ತಿ, ಮುಂದಿನ ಭೇಟಿಯ ದಿನವನ್ನು ಮಾತ್ರೆ ಮುಗಿಯುವುದಕ್ಕಿಂತ ನಾಲ್ಕೈದು ದಿನ ಮುಂಚೆಗೇ ಗೊತ್ತುಮಾಡಿಕೊಳ್ಳಿ.