ಕೇಕ್ ಮೇಲಿನ ಪ್ರಾಣಿಗಳ ಮುಖಕ್ಕೆ ಕಳೆ ತರುವ ಬಗೆ

ಪ್ರಾಣಿಗಳ ವಿನ್ಯಾಸದ ಕೇಕ್ ಮಾಡುವುದಿದ್ದರೆ ನಾನು ಎರಡು ಮೂರು ದಿನ ಮೊದಲೇ ಫಾಂಡೆಂಟ್, ಅಂದರೆ ಹಿಟ್ಟಿನಂತೆ ನಾದಿ ಗೊಂಬೆ ಮಾಡಬಹುದಾದ ಸಕ್ಕರೆ ಮುದ್ದೆ, ಕೈಗೆತ್ತಿಕೊಳ್ಳುತ್ತೇನೆ. ಕೇಕ್ ತಾಜಾ ಇರಬೇಕು ನಿಜ, ಆದರೆ ಅದರ ಮೇಲೆ ಕೂರುವ ಆನೆ, ಸಿಂಹಗಳು ಒಣಗಿ ಗಟ್ಟಿಯಾಗಿರಲೇಬೇಕು. ಬರೀ ಫಾಂಡೆಂಟ್‌ನಿಂದ ಮಾಡಿದ ಗೊಂಬೆ ತನ್ನ ಭಾರಕ್ಕೇ ಕುಸಿಯುವುದರಿಂದ, 250 ಗ್ರಾಂ ಫಾಂಡೆಂಟ್‌ಗೆ ಸುಮಾರು ಒಂದು ಟೀ ಚಮಚ ಸಿಎಂಸಿ ಪುಡಿ (ಫಾಂಡೆಂಟನ್ನು ಗಟ್ಟಿಯಾಗಿಸುವ, ತಿನ್ನಬಹುದಾದ ಪುಡಿ) ಸೇರಿಸಿ ಚೆನ್ನಾಗಿ ನಾದಿ, ಗಾಳಿಯಾಡದಂತೆ ಸುತ್ತಿಟ್ಟು, ಕೆಲವು ಗಂಟೆಗಳ ನಂತರ ಬಳಸುತ್ತೇನೆ. ಅದೇ ಪುಡಿಯನ್ನು ನೀರಿನಲ್ಲಿ ಕದಡಿದರೆ ಕಿವಿ, ಬಾಲ ಅಂಟಿಸುವ ಅಂಟು ಸಿದ್ಧವಾಗುತ್ತದೆ.

ನನ್ನ ಮಟ್ಟಿಗೆ ಈ ಕೆಲಸದ ಜೀವಾಳವಿರುವುದು ಕಣ್ಣುಗಳಲ್ಲಿ. ಕಣ್ಣುಗಳನ್ನು ತಲೆಯ ನಡುಗೆರೆಗಿಂತ ತುಸು ಕೆಳಗೆ, ಒಂದಕ್ಕೊಂದು ದೂರದಲ್ಲಿಟ್ಟರೆ ಯಾವ ಪ್ರಾಣಿಯಾದರೂ ಮರಿಯಂತೆ ಮುದ್ದಾಗಿ ಕಾಣುತ್ತದೆ. ಅವನ್ನೇ ಮೇಲಕ್ಕೆ, ಹತ್ತಿರ ಹತ್ತಿರ ತಂದರೆ ಅದೇ ಮುಖಕ್ಕೆ ವಯಸ್ಸಾದ ಕಳೆ ಬರುತ್ತದೆ. ಮೊದಲು ಬ್ರಷ್ಷಿನ ಹಿಂಬದಿಯಿಂದ ಗುಳಿ ಒತ್ತಿ, ಅದರೊಳಗೆ ಸಾಸಿವೆ ಗಾತ್ರದ ಕಪ್ಪು ಉಂಡೆ ಕೂರಿಸುತ್ತೇನೆ. ಕೊನೆಗೆ ಎರಡೂ ಕಣ್ಣಿನಲ್ಲಿ ಒಂದೇ ಬದಿಗೆ, ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇಡುತ್ತೇನೆ. ಒಂದು ಕಣ್ಣಿನ ಚುಕ್ಕೆ ಎಡಕ್ಕೂ ಇನ್ನೊಂದರದು ಬಲಕ್ಕೂ ಬಿದ್ದರೆ ನೋಟ ಕದಡಿಹೋಗುತ್ತದೆ.

ಆನೆಯ ಸೊಂಡಿಲನ್ನು ಬೇರೆ ಮಾಡಿ ಅಂಟಿಸಿದರೆ ಒಣಗುವಾಗ ಸೇರುವೆಯಲ್ಲಿ ಬಿರುಕು ಬಿಡುವ ಸಂಭವ ಹೆಚ್ಚು. ಆದ್ದರಿಂದ ತಲೆಯ ಉಂಡೆಯ ಒಂದು ತುದಿಯನ್ನೇ ಎರಡು ಬೆರಳುಗಳ ನಡುವೆ ಹೊಸೆಯುತ್ತಾ ಉದ್ದವಾಗಿಸಿ, ಬಾಗಿಸಿ, ಚಾಕುವಿನ ಮೊಂಡು ಬದಿಯಿಂದ ಅಡ್ಡ ಗೆರೆಗಳನ್ನು ಎಳೆಯುತ್ತೇನೆ. ಜಿರಾಫೆಯ ಕತ್ತಿಗೆ ಆಸರೆಯಾಗಿ ಹಲ್ಲುಕಡ್ಡಿಯ ಬದಲು ಬೇಯಿಸದ ಸ್ಪಾಗೆಟ್ಟಿ ಕಡ್ಡಿ ಚುಚ್ಚುತ್ತೇನೆ, ಏಕೆಂದರೆ ಆ ಗೊಂಬೆ ಕೊನೆಗೆ ಸೇರುವುದು ಮಗುವಿನ ಬಾಯನ್ನು.

ಸಿಂಹದ ಮುಖವನ್ನೇ ಕೇಕಿನ ಮೇಲೆ ಬಿಡಿಸುವಾಗ ಕೇಸರಕ್ಕೆ ಬೆಣ್ಣೆ, ಸಕ್ಕರೆ ಕಡೆದು ಮಾಡಿದ ಬಟರ್‌ಕ್ರೀಮ್ ಒಪ್ಪುತ್ತದೆ. ಹೊರಸುತ್ತನ್ನು ಗಾಢ ಕಂದಿನಲ್ಲಿ ಮೊದಲು ಹಾಕಿ, ಅದರ ಬುಡ ಮುಚ್ಚುವಂತೆ ಒಳಸುತ್ತನ್ನು ತಿಳಿಬಣ್ಣದಲ್ಲಿ ಹಾಕಿದರೆ ಕೂದಲು ದಟ್ಟವಾಗಿ ಕಾಣುತ್ತದೆ. ಕಪ್ಪು ಬಣ್ಣವನ್ನು ಬಿಳಿ ಕ್ರೀಮಿನಿಂದ ಶುರುಮಾಡಬಾರದು. ಅಷ್ಟು ಬಣ್ಣ ಸುರಿದರೆ ರುಚಿ ಕಹಿಯಾಗುತ್ತದೆ, ನಾಲಿಗೆಯೂ ಕಪ್ಪಾಗುತ್ತದೆ. ಕೋಕೋ ಬೆರೆಸಿದ ಕ್ರೀಮಿಗೆ ಸ್ವಲ್ಪವೇ ಜೆಲ್ ಬಣ್ಣ ಹಾಕಿ ರಾತ್ರಿಯಿಡೀ ಬಿಟ್ಟರೆ ಅದು ತಾನಾಗಿ ಗಾಢವಾಗುತ್ತದೆ.

ಒಣಗಿದ ಗೊಂಬೆಗಳನ್ನು ನಾನು ಫ್ರಿಜ್ಜಿನಲ್ಲಿ ಇಡುವುದಿಲ್ಲ. ಹೊರತೆಗೆದಾಗ ಗಾಳಿಯ ತೇವ ಅವುಗಳ ಮೇಲೆ ಹನಿಗಟ್ಟಿ ಬಣ್ಣ ಹರಿಯುತ್ತದೆ. ರಟ್ಟಿನ ಡಬ್ಬಿಯೇ ಅವಕ್ಕೆ ಸರಿಯಾದ ಜಾಗ. ಕೇಕನ್ನು ಒಯ್ಯುವ ಮುನ್ನ, ಹಲವು ತೂತುಗಳ ನಾಜಲ್‌ನಿಂದ ಹಸಿರು ಹುಲ್ಲು ಬಿಡಿಸಿ, ಆ ಕ್ರೀಮ್ ಇನ್ನೂ ಮೆತ್ತಗಿರುವಾಗಲೇ ಕಾಲುಗಳನ್ನು ಮೆಲ್ಲಗೆ ಒತ್ತಿ ನಿಲ್ಲಿಸುತ್ತೇನೆ.